ಚೀಟಿ ಕೇಳದೆ ಕೊಡುವ ಗುಳಿಗೆ: ಮಕ್ತಲ್ ಕೌಂಟರಿನ ಕೆಲವು ಪಾಠಗಳು

ಐ-ಪಿಲ್, ಅನ್‌ವಾಂಟೆಡ್-72 ಥರದ ತುರ್ತು ಗರ್ಭನಿರೋಧಕ ಗುಳಿಗೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬೇಕೋ ಬೇಡವೋ ಎಂಬ ಜಗಳ ಆಗಾಗ ಏಳುತ್ತದೆ. 2024ರಲ್ಲೂ ಎದ್ದಿತು. ಇನ್ನು ಮುಂದೆ ಚೀಟಿ ಕಡ್ಡಾಯವಂತೆ ಎಂದು ಸುದ್ದಿ ಹಬ್ಬಿತು. ಹಾಗೇನಿಲ್ಲ, ಈಗಿನ ನಿಯಮವೇ ಇರುತ್ತದೆ ಎಂದು ಕೇಂದ್ರ ಹೇಳಿದ ಮೇಲೆ ತಣ್ಣಗಾಯಿತು. ಟಿವಿಯಲ್ಲಿ ಡಾಕ್ಟರರು ಮಾತಾಡಿದರು, ವಕೀಲರು ಮಾತಾಡಿದರು. ಗುಳಿಗೆ ಕೈ ಬದಲಾಗುವುದು ಮೆಡಿಕಲ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ, ಅಲ್ಲಿ ಕೂತವರನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ ಅನ್ನಿ. ನನ್ನ ಖಾತೆಯಲ್ಲಿ ಈ ವಿಷಯಕ್ಕೆ ತಪ್ಪುಗಳೇ ಜಾಸ್ತಿ.

ನನ್ನದು ತೆಲಂಗಾಣದ ಮಕ್ತಲ್‌ನಲ್ಲಿ ಅಂಗಡಿ. ಮನೆಮಾತು ಕನ್ನಡ, ಬೋರ್ಡು ತೆಲುಗು. ಕೃಷ್ಣಾ, ಮಾಗನೂರು ಕಡೆಯವರು ಕನ್ನಡದಲ್ಲಿ ಕೇಳುತ್ತಾರೆ, ನಾರಾಯಣಪೇಟೆಯವರು ಎರಡೂ ಬೆರೆಸುತ್ತಾರೆ, ಜೂರಾಲ ಡ್ಯಾಮ್ ದಾಟಿ ಗದ್ವಾಲದಿಂದ ಬಂದವರು ತೆಲುಗಿನಲ್ಲಿ. ಈ ಗುಳಿಗೆಯ ಮಟ್ಟಿಗೆ ಎಲ್ಲರದೂ ಒಂದೇ ಪದ್ಧತಿ: ಅಂಗಡಿ ಖಾಲಿಯಾಗುವವರೆಗೆ ಕಾಯುವುದು, ಆಮೇಲೆ ಮೊಬೈಲಿನಲ್ಲಿ ಫೋಟೊ ತೋರಿಸುವುದು.

1. "ಯಾರಿಗೆ?" ಎಂದು ಕೇಳಬಾರದು

ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಹೆಂಗಸು ಸೆರಗಿನ ತುದಿಯಲ್ಲಿ ಈ ಗುಳಿಗೆಯ ಖಾಲಿ ಪಟ್ಟಿ ಗಂಟು ಹಾಕಿಕೊಂಡು ಬಂದಿದ್ದಳು. ಬಿಚ್ಚಿ ಕೌಂಟರಿನ ಮೇಲೆ ಇಟ್ಟಳು. ನಾನು ಕೆಮ್ಮಿನ ಔಷಧಕ್ಕೆ ಕೇಳುವ ದನಿಯಲ್ಲೇ "ಯಾರಿಗ್ರೀ ಇದು?" ಅಂದೆ. ಪಕ್ಕದಲ್ಲಿ ಬಿಪಿ ಗುಳಿಗೆಗೆ ನಿಂತಿದ್ದ ಮುದುಕ ತಿರುಗಿ ನೋಡಿದ. "ನಮ್ಮ ಬಾಜೂ ಮನಿಯವ್ರಿಗೆ, ಕೇಳ್ಕೊಂಡ್ ಬರ್ತೀನ್ರಿ" ಎಂದು ಆಕೆ ಖಾಲಿ ಪಟ್ಟಿಯನ್ನೂ ಎತ್ತಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ. ನನಗೆ ಗೊತ್ತಾಗಬೇಕಿದ್ದದ್ದು ಯಾವಾಗ ಎಂಬುದೊಂದೇ, ಯಾರು ಎಂಬುದರಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅದಕ್ಕೂ ಮೊದಲು ಕೆಲವು ದಿನ ಆ ಡಬ್ಬಿಯನ್ನು ಹಿಂದಿನ ಕಪಾಟಿನಲ್ಲಿ ಬಚ್ಚಿಟ್ಟು, ಕಾಲೇಜು ಹುಡುಗಿಯರು ಕೇಳಿದರೆ "ಸ್ಟಾಕ್ ಇಲ್ಲಮ್ಮಾ" ಅನ್ನುತ್ತಿದ್ದೆ. ಅದನ್ನು ಮರ್ಯಾದೆ ಎಂದು ತಿಳಿದಿದ್ದೆ.

2. ಚೀಟಿ ಬರೆದವರು ಯಾರೆಂದು ನೋಡಬೇಕು

ಹಾರ್ಮೋನಿನ ಔಷಧವೆಂದರೆ ಶೆಡ್ಯೂಲ್ ಎಚ್, ಚೀಟಿ ಬೇಕೇ ಬೇಕು ಎಂಬುದು ಡಿ.ಫಾರ್ಮಾ ಓದುವಾಗಿನಿಂದ ತಲೆಯಲ್ಲಿ ಕೂತಿತ್ತು. ಲೆವೊನಾರ್ಜೆಸ್ಟ್ರೆಲ್ ಎಂಬ ಈ ತುರ್ತು ಗುಳಿಗೆ 2002ರಲ್ಲಿ ಸರ್ಕಾರದ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಸೇರಿತ್ತು, 2005ರಲ್ಲಿ ಅದಕ್ಕೆ ಚೀಟಿಯ ಕಟ್ಟನ್ನೂ ಸಡಿಲಿಸಿದ್ದರು. ಅಮೆರಿಕದವರು ಹದಿನೆಂಟು ದಾಟಿದವರಿಗಷ್ಟೇ ಎಂದು ಅಷ್ಟಿಷ್ಟು ಬಾಗಿಲು ತೆರೆದದ್ದು 2006ರಲ್ಲಿ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಒಂದು ಶನಿವಾರ ಸಂಜೆ ಕೃಷ್ಣಾ ಕಡೆಯ ಹಳ್ಳಿಯಿಂದ ಬೈಕಿನಲ್ಲಿ ಬಂದ ಗಂಡನೊಬ್ಬನಿಗೆ ಚೀಟಿ ತಾ ಎಂದು ಕಳಿಸಿದೆ. ಭಾನುವಾರ ಆಸ್ಪತ್ರೆಯಲ್ಲಿ ಯಾರೂ ಸಿಗಲಿಲ್ಲವಂತೆ. ಸೋಮವಾರ ಮಧ್ಯಾಹ್ನ ನೋಟ್‌ಬುಕ್ಕಿನ ಹಾಳೆ ಹರಿದು ಬರೆದ ಚೀಟಿ ತಂದ. ಬರೆದವರು ಅವನ ಊರಿನ ಆರ್‌ಎಂಪಿ, ಡಿಗ್ರಿ ಇಲ್ಲದವರು, ಸೂಜಿ ಹಾಕುವುದಕ್ಕೆ ಹೆಸರಾದವರು. ನಾನು ಚೀಟಿ ನೋಡಿ ಸಮಾಧಾನವಾಗಿ ಗುಳಿಗೆ ಕೊಟ್ಟೆ! ಎಪ್ಪತ್ತೆರಡು ಗಂಟೆಯ ಒಳಗೆ ತೆಗೆದುಕೊಳ್ಳಬೇಕಾದ ಗುಳಿಗೆ ಅದು, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಆ ಹಾಳೆಯಿಂದ ಆದ ಕೆಲಸವೆಂದರೆ ಎರಡು ದಿನ ಹಾಳಾದದ್ದು.

ಚೀಟಿ ಬೇಕು ಎನ್ನುವವರು ನಮ್ಮ ಕಡೆ ಒಮ್ಮೆ ಬಸ್ಸು ಹತ್ತಿ ನೋಡಬೇಕು. 2023ರ ಡಿಸೆಂಬರಿನಿಂದ ತೆಲಂಗಾಣದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮವರು ಡಾಕ್ಟರೆಂದರೆ ನಡೆಯುವುದು ರಾಯಚೂರಿಗೆ, ಕೃಷ್ಣಾ ಹೊಳೆ ದಾಟಿದರೆ ಈ ಫ್ರೀ ಮುಗಿಯಿತು. ಕೂಲಿ ಹೋಗುತ್ತದೆ, ಎಲ್ಲಿಗೆ ಹೋಗಿದ್ದೆ ಎಂದು ಅತ್ತೆಗೆ ಹೇಳಬೇಕಾಗುತ್ತದೆ.

3. ಇದು ಗರ್ಭ ತೆಗೆಯುವ ಗುಳಿಗೆಯಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು

ನನ್ನನ್ನು ಇವತ್ತಿಗೂ ಕಾಡುವುದು ಇದೇ. ಕೌಂಟರಿನಲ್ಲಿ "ಮುಟ್ಟು ನಿಂತೈತ್ರೀ, ಗುಳಿಗಿ ಕೊಡ್ರಿ" ಎಂದು ಒಬ್ಬಾಕೆ ಕೇಳಿದಳು, ಫೋಟೊದಲ್ಲಿ ಇದ್ದದ್ದು ಅನ್‌ವಾಂಟೆಡ್-72. ಫೋಟೊ ನೋಡಿದೆ, ಮಾತು ಕೇಳಿಸಿಕೊಳ್ಳಲಿಲ್ಲ. ಕೊಟ್ಟೆ. ಕೆಲವು ದಿನದ ಮೇಲೆ ಒಂದಿಷ್ಟು ಕಲೆ ಕಂಡಿತಂತೆ, ಮುಟ್ಟು ಬಂತು ಎಂದು ಆಕೆ ಸುಮ್ಮನಾದಳು. ಆಮೇಲೆ ಹೊಟ್ಟೆ ಕಾಣತೊಡಗಿದಾಗ ಗಂಡ ಬಂದು ಜಗಳಕ್ಕೆ ನಿಂತ: "ನಿಮ್ಮ ಗುಳಿಗಿ ಡೂಪ್ಲಿಕೇಟ್ ಅದ."

ಗುಳಿಗೆ ಅಸಲಿಯೇ. ಆದರೆ ಅದು ಮಾಡುವ ಕೆಲಸ ಬೇರೆ. ಅಂಡಾಶಯದಿಂದ ಅಂಡ ಹೊರಬೀಳುವುದನ್ನು ಅದು ಕೆಲ ದಿನ ಮುಂದೂಡುತ್ತದೆ, ಅಷ್ಟೇ. ಅಂಡ ಆಗಲೇ ಬಿದ್ದಿದ್ದರೆ ಉಪಯೋಗವಿಲ್ಲ. ಬಸಿರು ನಿಂತಿದ್ದರೆ ಅದನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ, ಕೂಸಿಗೆ ಕೆಡುಕು ಮಾಡುವುದೂ ಇಲ್ಲ. ಗರ್ಭ ಇಳಿಸುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಇರುವ ಎಂಟಿಪಿ ಕಿಟ್. ಅದಕ್ಕೆ ಚೀಟಿ ಬೇಕು, ಡಾಕ್ಟರ ನಿಗಾ ಬೇಕು, ನಮ್ಮಲ್ಲಿ ಒಂಬತ್ತು ವಾರದೊಳಗೆ ಮಾತ್ರ. ಆ ನಿಯಮ ಸಡಿಲವಾಗಬೇಕೆಂದು ನಾನು ಹೇಳುವುದೂ ಇಲ್ಲ. ಅಷ್ಟು ಹೊತ್ತಿಗೆ ಆಕೆಗೆ ಆ ಒಂಬತ್ತು ವಾರ ದಾಟಿತ್ತು. 1971ರ ಗರ್ಭಪಾತ ಕಾಯ್ದೆ 2021ರಲ್ಲಿ ತಿದ್ದುಪಡಿಯಾದ ಮೇಲೆ ಇಪ್ಪತ್ತು ವಾರದವರೆಗೂ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಹಾಗಾಗಿ ದಾರಿ ಮುಚ್ಚಿರಲಿಲ್ಲ. ಆದರೆ ಗುಳಿಗೆಯಲ್ಲಿ ಮುಗಿಯುತ್ತಿದ್ದುದಕ್ಕೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಚೀಟಿ ಬೇಕೆನ್ನುವವರೂ ಬೇಡವೆನ್ನುವವರೂ ಈ ಎರಡು ಗುಳಿಗೆಗಳನ್ನು ಕಲಸಿಯೇ ವಾದಿಸುತ್ತಾರೆ. ಟಿವಿ ಡಾಕ್ಟರೊಬ್ಬರು "ಗರ್ಭಪಾತದ ಗುಳಿಗೆ ಕಿರಾಣಿ ಅಂಗಡಿಯಲ್ಲಿ ಸಿಗುವಂತಾಗಿದೆ" ಎಂದು ಐ-ಪಿಲ್ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ನನಗಿಂತ ಹೆಚ್ಚು ಓದಿದವರು ಅವರು. ಈಗ ನಾನು ಮೊದಲು ಕೇಳುವುದು ಎರಡು: ಆಗಿ ಎಷ್ಟು ದಿನವಾಯಿತು, ಹಿಂದಿನ ಮುಟ್ಟು ಯಾವಾಗ. ದಿನ ದಾಟಿದ್ದರೆ ಈ ಗುಳಿಗೆಯ ಬದಲು ಬಸಿರು ಪರೀಕ್ಷೆಯ ಕಿಟ್ ಕೊಡುತ್ತೇನೆ.

4. ಬೇರೆ ಗುಳಿಗೆ ನಡೆದಿದೆಯೇ ಕೇಳಿ

ಟಿಬಿ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಹಾಗಾಗಿ ಅದು ನನ್ನ ಬಿಲ್ಲಿನಲ್ಲಿ ಬರುವುದೇ ಇಲ್ಲ, ಕೇಳದೆ ತಿಳಿಯುವುದಿಲ್ಲ. ಅದರಲ್ಲಿರುವ ರಿಫಾಂಪಿಸಿನ್ ಈ ತುರ್ತು ಗುಳಿಗೆಯ ಬಲ ಕುಗ್ಗಿಸುತ್ತದೆ. ಮೂರ್ಛೆರೋಗದ ಕೆಲವು ಗುಳಿಗೆಗಳೂ ಅಷ್ಟೆ. ಇಂಥವರಿಗೆ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದೇ ಗಟ್ಟಿ ಉಪಾಯ. ಕಾಪರ್-ಟಿಯನ್ನು ತುರ್ತಿಗೂ ಹಾಕುತ್ತಾರೆಂದು ನನಗೆ ತಿಳಿದದ್ದು ಒಬ್ಬ ನರ್ಸಮ್ಮನಿಂದ, ಅದೂ ಅವರ ಹತ್ತಿರ ಬೈಸಿಕೊಂಡ ಮೇಲೆ.

5. ಪದೇ ಪದೇ ಬರುವವನು ಒಳ್ಳೆಯ ಗಿರಾಕಿಯಲ್ಲ

ಒಬ್ಬ ಲಾರಿ ಡ್ರೈವರ್ ಊರಿಗೆ ಬಂದಾಗಲೆಲ್ಲ ಒಂದು ಒಯ್ಯುತ್ತಿದ್ದ. ನೂರು ರೂಪಾಯಿ ಆಸುಪಾಸಿನ ಗುಳಿಗೆ, ಮಾರ್ಜಿನ್ ಚೆನ್ನಾಗಿದೆ, ನನಗೇನು ಕಹಿ? ಒಮ್ಮೆ ಅವನ ಹೆಂಡತಿಯೇ ಬಂದು ತಿಂಗಳು ಯಾವುದು ತಪ್ಪಿದೆ ಯಾವುದು ಬಂದಿದೆ ಎಂದೇ ತಿಳಿಯುತ್ತಿಲ್ಲ ಅಂದಳು. ಸೋಮವಾರ ನುಂಗಿದ ಗುಳಿಗೆ ಗುರುವಾರಕ್ಕೆ ಕಾಯುವುದಿಲ್ಲ, ಅಂಡ ಮುಂದೂಡಿರುವುದರಿಂದ ಗುರುವಾರವೇ ಕೆಡಬಹುದು ಎಂದು ಅಷ್ಟು ತಿಂಗಳಲ್ಲಿ ಒಮ್ಮೆಯೂ ನಾನು ಹೇಳಿರಲಿಲ್ಲ. ಇದರಿಂದ ಬಂಜೆತನ ಬರುತ್ತದೆ ಎಂಬ ಊರ ಮಾತು ಸುಳ್ಳು, ಆದರೆ ದಿನಬಳಕೆಗೆ ಇದು ಸೋಲುವ ಉಪಾಯ. ಮೂರು ತಿಂಗಳಿಗೊಮ್ಮೆಯ ಅಂತರಾ ಸೂಜಿ, ವಾರದ ಛಾಯಾ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ತುರ್ತು ಗುಳಿಗೆಯನ್ನೂ ಮನೆಮನೆಗೆ ಮುಟ್ಟಿಸುವ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ನಿಗದಿಯಾದ ಬೆಲೆ ಎರಡು ರೂಪಾಯಿ. ಇದನ್ನು ಹೇಳಿದರೆ ವ್ಯಾಪಾರ ಹೋಗುತ್ತದೆ. ಹೋಯಿತು ಕೂಡ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

6. ಒಂದೇ ಕೈಗೆ ನಾಲ್ಕು ಕೊಡಬೇಡಿ

ಗದ್ವಾಲ ಸೀಮೆಯಲ್ಲಿ ಬೀಜದ ಹತ್ತಿ ಬೆಳೆಯುತ್ತಾರೆ. ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಒರೆಸುವ ಕ್ರಾಸಿಂಗ್ ಕೆಲಸ. ಸಣ್ಣ ಬೆರಳು ಬೇಕೆಂದು ಹುಡುಗಿಯರನ್ನು ಕರೆತರುವುದು ಹಳೆಯ ರೂಢಿ, ಅದರ ಮೇಲೆ ಕೂಗಾಟವೂ ಹಳೆಯದೇ. ಒಂದು ಹಂಗಾಮಿನಲ್ಲಿ ಒಬ್ಬ ಮೇಸ್ತ್ರಿ ಬಂದು ನಾಲ್ಕು ಪ್ಯಾಕೆಟ್ ಕೇಳಿದ. ಕೂಲಿ ಜನರ ಸಂಸಾರಗಳಿಗೆ ಇರಬೇಕು ಎಂದು ಕೊಟ್ಟೆ. ಚಿಲ್ಲರೆ ವಾಪಸು ತೆಗೆದುಕೊಳ್ಳುವಾಗ ಆತ ನಕ್ಕ. ಆ ನಗು ಯಾಕೆ ಎಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಯೋಚಿಸಿದೆ. ಆಗ ಯಾರಿಗೂ ಏನೂ ಹೇಳಲಿಲ್ಲ. ಮಕ್ಕಳ ಸಹಾಯವಾಣಿಯ 1098 ನಂಬರು ಗೋಡೆಯ ಮೇಲೆ ಇತ್ತು, ಫೋನ್ ಮಾಡಲಿಲ್ಲ. ನನ್ನ ಊಹೆ ತಪ್ಪಿದ್ದರೂ ಇರಬಹುದು, ಆದರೆ ತಿಳಿದುಕೊಳ್ಳಲೂ ಹೋಗಲಿಲ್ಲ.

ಚೀಟಿ ಬೇಕೆನ್ನುವವರ ವಾದದಲ್ಲಿ ನನಗೆ ಉತ್ತರ ಹೊಳೆಯದ ಜಾಗ ಇದೊಂದೇ. ಗುಳಿಗೆ ಸುಲಭವಾದರೆ ದೌರ್ಜನ್ಯ ಮುಚ್ಚಿಹೋಗುತ್ತದೆ ಅನ್ನುತ್ತಾರೆ. ಹೋಗಬಹುದು. ಆದರೆ ಆ ಮೇಸ್ತ್ರಿಗೆ ಆರ್‌ಎಂಪಿ ಚೀಟಿ ತರುವುದು ಎಷ್ಟರ ಕೆಲಸ? ಚೀಟಿ ಸಿಗದೆ ಉಳಿಯುವವಳು ಆ ಹುಡುಗಿಯೇ. ಹದಿನೆಂಟರೊಳಗಿನ ಮಗುವಿನ ಮೇಲಿನ ದೌರ್ಜನ್ಯ ತಿಳಿದವರು ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು, ಅದು ಅಂಗಡಿಯವನಿಗೂ ಹೊರತಲ್ಲ. ಹುಡುಗಿಯೇ ಬಂದರೆ ಗುಳಿಗೆ ತಡೆಯಬಾರದು, ಆಮೇಲಿನದನ್ನು ಮುಚ್ಚಿಡಲೂ ಬಾರದು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ನನಗೆ ಕಲಿಸಿಕೊಟ್ಟವರಿಲ್ಲ. ಸದ್ಯಕ್ಕೆ ಗಂಡಸರಿಗೆ ಒಂದಕ್ಕಿಂತ ಹೆಚ್ಚು ಕೊಡುವುದಿಲ್ಲ. ನಂಬರು ಬರೆದ ಕಾಗದವನ್ನು ಕೌಂಟರಿನ ಗಾಜಿನ ಕೆಳಗೆ, ಗಿರಾಕಿಯ ಕಡೆ ಮುಖ ಮಾಡಿ ಇಟ್ಟಿದ್ದೇನೆ.

7. ತೂಕದ ಮಷೀನು ಉಪಯೋಗಕ್ಕೆ ಬಂತು

ಕೌಂಟರಿನ ಕೊನೆಯಲ್ಲಿ ತೂಕದ ಮಷೀನು ಇಟ್ಟು ಪಕ್ಕದಲ್ಲೊಂದು ಸ್ಟೂಲ್ ಹಾಕಿದೆ. ತೂಕ ನೋಡಿಕೊಳ್ಳುವವರ ಹಾಗೆ ಅಲ್ಲಿಗೆ ಹೋಗಿ ಮೆಲ್ಲಗೆ ಮಾತಾಡಬಹುದು. ಗುಳಿಗೆಯ ಜೊತೆ ಕೊಡುವ ಅಂಗೈಯಗಲದ ಕಾಗದದಲ್ಲಿ ಒಂದು ಕಡೆ ಕನ್ನಡ, ಒಂದು ಕಡೆ ತೆಲುಗು: ನುಂಗಿದ ಎರಡು ತಾಸಿನೊಳಗೆ ವಾಂತಿಯಾದರೆ ಮತ್ತೊಂದು ತಗೊಳ್ಳಿ, ಮುಂದಿನ ಮುಟ್ಟು ಹಿಂದು ಮುಂದಾಗಬಹುದು, ವಾರ ದಾಟಿದರೆ ಪರೀಕ್ಷೆ ಮಾಡಿಸಿ, ರೋಗ ಹರಡುವುದನ್ನು ಇದು ತಡೆಯುವುದಿಲ್ಲ. ಕೆಲವರು ಓದುತ್ತಾರೆ, ಹಲವರು ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಬಿಸಾಕುತ್ತಾರೆ. ಮನೆಯಲ್ಲಿ ಸಿಕ್ಕರೆ ಅವರಿಗೇ ತೊಂದರೆ, ಅದೂ ಸರಿಯೇ.

8. ಗೋಡೆಯ ಮೇಲಿನ ಸರ್ಟಿಫಿಕೇಟ್ ಮಾತಾಡುವುದಿಲ್ಲ

ತಮಿಳುನಾಡಿನಲ್ಲಿ ಕಾಯ್ದೆ ನಮ್ಮದೇ, ಆದರೂ ಅಲ್ಲಿನ ಎಷ್ಟೋ ಮೆಡಿಕಲ್‌ಗಳಲ್ಲಿ ವರ್ಷಗಟ್ಟಲೆ ಈ ಗುಳಿಗೆಯೇ ಸಿಗುತ್ತಿಲ್ಲ. ಕಾಗದದಲ್ಲಿ ಇದ್ದು ಅಂಗಡಿಯಲ್ಲಿ ಇಲ್ಲ. ನಮ್ಮಲ್ಲಿ ಉಲ್ಟಾ: ಗುಳಿಗೆ ಇದೆ, ಫಾರ್ಮಸಿಸ್ಟ್ ಇರುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ನೋಂದಾಯಿತ ಫಾರ್ಮಸಿಸ್ಟನೇ ಔಷಧ ಕೊಡಬೇಕು. ಎಷ್ಟು ಕಡೆ ಸರ್ಟಿಫಿಕೇಟ್ ಗೋಡೆಯ ಮೇಲೆ, ಮನುಷ್ಯ ಹೈದರಾಬಾದಿನಲ್ಲಿ! ಬೇರೆಯವರನ್ನು ಯಾಕೆ ಅನ್ನಲಿ, ನಾನು ಊಟಕ್ಕೆ ಎದ್ದಾಗ ಕೂರುವುದು ನನ್ನ ಭಾವಮೈದುನ. ಎರಡು ಪ್ರಶ್ನೆ ಕೇಳದೆ ಕೊಡಬೇಡ ಎಂದು ಬರೆದು ಅಂಟಿಸಿದ್ದೇನೆ. ಮೊನ್ನೆ ಊಟ ಮುಗಿಸಿ ಬಂದಾಗ ಒಂದು ಪ್ಯಾಕೆಟ್ ಕಡಿಮೆಯಿತ್ತು. ಕೇಳಿದೆಯಾ ಎಂದೆ. "ಹೆಣ್ಮಗಳು ನಿಂತಿದ್ಳು ಮಾವ, ನಾ ಹೆಂಗ್ ಕೇಳ್ಲಿ?" ಅಂದ. ಈಗ ಊಟದ ಡಬ್ಬಿ ಅಂಗಡಿಗೇ ತರಿಸಿಕೊಳ್ಳುತ್ತಿದ್ದೇನೆ.