ಮಗುವಿನ ತೂಕ ಏರುತ್ತಿಲ್ಲವೇ? ಹೀಗೆ ಶುರುಮಾಡಿ

“ಮಗು ಯಾಕಮ್ಮ ಇಷ್ಟು ಸೊರಗಿದೆ? ಹಾಲು ಸಾಲ್ತಿಲ್ವಾ?” ಯಾವುದೋ ನಾಮಕರಣದ ಮನೆಯಲ್ಲಿ ಯಾರೋ ಆಡಿದ ಈ ಒಂದು ಮಾತಿಗೆ ತಾಯಿ ರಾತ್ರಿಯೆಲ್ಲ ನಿದ್ದೆಗೆಡುತ್ತಾಳೆ. ಮರುದಿನ ಮೆಡಿಕಲ್ ಶಾಪಿನಿಂದ ಟಾನಿಕ್ಕು, ಡಬ್ಬಿ ಪುಡಿ ಮನೆಗೆ ಬರುತ್ತವೆ. ದಯವಿಟ್ಟು ಆ ದುಡ್ಡನ್ನು ಸದ್ಯಕ್ಕೆ ಉಳಿಸಿಕೊಳ್ಳಿ. ನೋಡಿದವರ ಕಣ್ಣಳತೆಯನ್ನಾಗಲೀ ಪಕ್ಕದ ಮನೆಯ ಗುಂಡು ಮಗುವನ್ನಾಗಲೀ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಿಮ್ಮ ಮಗುವಿನ ತೂಕ ತಿಂಗಳಿಂದ ತಿಂಗಳಿಗೆ ಯಾವ ಕಡೆ ಸಾಗುತ್ತಿದೆ ಎಂಬುದೊಂದೇ ಲೆಕ್ಕಕ್ಕೆ ಬರುವುದು.

ಹಂತ 1: ತೂಕವನ್ನು ಸರಿಯಾಗಿ ನೋಡಿ

ತಿಂಗಳಿಗೊಮ್ಮೆ, ಸಾಧ್ಯವಾದಷ್ಟೂ ಅದೇ ತಕ್ಕಡಿಯಲ್ಲಿ ತೂಗಿಸಿ. ಅಂಗನವಾಡಿಯಲ್ಲಿ ಇದಕ್ಕೆ ಕಾಸಿಲ್ಲ. ಸ್ವೆಟರ್, ಕುಲಾವಿ, ಒದ್ದೆ ಡೈಪರ್, ಕಾಲಿನ ಬೆಳ್ಳಿ ಕಡಗ ಎಲ್ಲ ತೆಗೆಯಿರಿ. ಮಗು ಒದೆಯುತ್ತಿದ್ದರೆ ಮುಳ್ಳು ನಿಲ್ಲುವವರೆಗೆ ಕಾಯಿರಿ. ಮಗುವನ್ನು ಎತ್ತಿಕೊಂಡು ಮನೆಯ ತಕ್ಕಡಿಯ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಲೆಕ್ಕ ಅಂದಾಜಿಗೆ ಸರಿಯೇ ಹೊರತು, 200 ಗ್ರಾಂ ಏರಿತೋ ಇಳಿಯಿತೋ ಎಂದು ತಿಳಿಯಲು ಅದನ್ನು ನಂಬಬೇಡಿ.

ಹಂತ 2: ತಾಯಿ ಕಾರ್ಡಿನಲ್ಲಿ ಚುಕ್ಕಿ ಇಡಿಸಿ

ಕಾರ್ಡಿನ ಒಳಗೆ ಬೆಳವಣಿಗೆಯ ನಕ್ಷೆ ಇದೆ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆಬೇರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡದ ಮೇಲೆ ಮಾಡಿದ್ದು ಅದು. ತೂಕವನ್ನು ಬರೀ ಅಂಕಿಯಾಗಿ ಬರೆಸಿಕೊಂಡು ಬರಬೇಡಿ, ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗೆ ಗೆರೆ ಎಳೆಯಲು ಹೇಳಿ. ಹಸಿರು ಪಟ್ಟಿ ಸಹಜ, ಹಳದಿ ಕಡಿಮೆ ತೂಕ, ಅದಕ್ಕೂ ಕೆಳಗಿನದು ತೀವ್ರ ಕಡಿಮೆ.

ಹಸಿರು ಪಟ್ಟಿ ಬಹಳ ಅಗಲವಿದೆ. ವರ್ಷ ತುಂಬಿದ ಗಂಡುಮಗುವಿನ ನಡುಮಟ್ಟದ ತೂಕ 9.6 ಕೆ.ಜಿ., ಹೆಣ್ಣುಮಗುವಿನದು 8.9. ಆದರೆ 7.7 ಕೆ.ಜಿ.ಯ ಗಂಡುಮಗು, 7 ಕೆ.ಜಿ.ಯ ಹೆಣ್ಣುಮಗು ಕೂಡ ಹಸಿರಿನ ಅಂಚಿನಲ್ಲೇ ಇರುತ್ತವೆ. ಅಪ್ಪ ಅಮ್ಮ ಸಣ್ಣ ಮೈಕಟ್ಟಿನವರಾಗಿದ್ದು, ಮಗು ಕೆಳಗಿನ ಗೆರೆಯ ಜೊತೆಜೊತೆಗೇ ಏರುತ್ತಾ, ಆಡಿಕೊಂಡು ಚುರುಕಾಗಿದ್ದರೆ ಗಾಬರಿ ಬೇಡ. ಮೇಲಿದ್ದ ಗೆರೆ ಅಡ್ಡಡ್ಡ ಹೋಗಲು ಶುರುವಾದರೆ, ಮಗು ಇನ್ನೂ ಹಸಿರಿನಲ್ಲಿದ್ದರೂ ಎಚ್ಚೆತ್ತುಕೊಳ್ಳಿ.

ಏರುವ ವೇಗ ವಯಸ್ಸಿನೊಂದಿಗೆ ಇಳಿಯುತ್ತದೆ ಎಂಬುದೂ ನೆನಪಿರಲಿ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿದು, ಎರಡು ವಾರದೊಳಗೆ ಮರಳಿ ಬರುತ್ತದೆ. ಮೊದಲ ಮೂರು ತಿಂಗಳು ದಿನಕ್ಕೆ 25–30 ಗ್ರಾಂ ಏರುವ ಮಗು, ವರ್ಷದ ಹೊತ್ತಿಗೆ ತಿಂಗಳಿಗೆ ಸುಮಾರು 250 ಗ್ರಾಂ ಮಾತ್ರ ಏರುತ್ತದೆ. “ಮೊದಲೆಲ್ಲ ಚೆನ್ನಾಗಿ ಏರ್ತಿತ್ತು, ಈಗ ನಿಂತೇಹೋಗಿದೆ” ಎನ್ನುವ ಎಷ್ಟೋ ತಾಯಂದಿರ ಆತಂಕ ಇಲ್ಲಿಂದಲೇ ಹುಟ್ಟುವುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ವಯಸ್ಸಿನಿಂದ ಆ ವಾರಗಳನ್ನು ಕಳೆದು ಚುಕ್ಕಿ ಇಡಿಸಬೇಕು.

ಹಂತ 3: ಆರು ತಿಂಗಳೊಳಗಿನ ಮಗುವಾದರೆ

ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಹಗಲು ರಾತ್ರಿ ಸೇರಿ ಎಂಟು ಸಲಕ್ಕೆ ಕಡಿಮೆಯಿಲ್ಲದಂತೆ ಕುಡಿಸಿ. ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದು ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ.

ಹಂತ 4: ಬಟ್ಟಲಿನೊಳಗೆ ಇಣುಕಿ

ಆರು ತಿಂಗಳ ನಂತರ ತೂಕ ನಿಲ್ಲಲು ಬಹುಪಾಲು ಕಾರಣ ಬಟ್ಟಲಲ್ಲೇ ಇರುತ್ತದೆ. ಬೇಳೆ ಕಟ್ಟು, ಅನ್ನದ ತಿಳಿ, ನೀರು ನೀರಾದ ಸಾರನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತು: ಮಗುವಿನ ಪುಟ್ಟ ಹೊಟ್ಟೆಯನ್ನು ಇವು ತುಂಬಿಸುತ್ತವೆ, ಶಕ್ತಿ ಕೊಡುವುದಿಲ್ಲ. ಕಟ್ಟು ನೀವು ಕುಡಿಯಿರಿ, ಬೇಳೆಯನ್ನು ಮಗುವಿಗೆ ಕಿವುಚಿ ಕೊಡಿ.

ನಮ್ಮ ರಾಗಿ ಸರಿಗೆ ಸಾಟಿಯಿಲ್ಲ, ಮಾಡುವಂತೆ ಮಾಡಿದರೆ. ರಾಗಿ ತೊಳೆದು ರಾತ್ರಿ ನೆನೆಸಿ, ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಹದವಾದ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಸಿ ಬಟ್ಟೆಯಲ್ಲಿ ಸೋಸಿ. ಮೊಳಕೆಯೊಡೆದಾಗ ಕಾಳಿನ ಪಿಷ್ಟ ಒಡೆಯತೊಡಗುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಂಟಾಗುವುದಿಲ್ಲ, ಅಷ್ಟೇ ತುತ್ತಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಕುದಿಸಿದ ಮೇಲೆ ಚಮಚದಲ್ಲಿ ಎತ್ತಿ ಓರೆ ಮಾಡಿ. ಸುರ್ರೆಂದು ಸುರಿದರೆ ತೆಳುವಾಯಿತು, ನಿಧಾನವಾಗಿ ಜಾರಬೇಕು. ಇಳಿಸುವಾಗ ಒಂದು ಟೀ ಚಮಚ ತುಪ್ಪ ಬೆರೆಸಿದರೆ ಸುಮಾರು 45 ಕ್ಯಾಲೊರಿ ಸೇರಿತು.

ಆದರೆ ರಾಗಿಯೊಂದರಿಂದಲೇ ಎಲ್ಲ ಸಿಗದು. ಹೆಸರುಬೇಳೆ, ಸೊಪ್ಪು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ದಿನದ ಊಟದಲ್ಲಿ ಬರಲಿ. ಮೊಟ್ಟೆ ತಿನ್ನುವ ಮನೆಯವರು ಮಗುವಿಗೆ ಆರು ತಿಂಗಳಿಂದಲೇ ಕೊಡಬಹುದು. ಮೊದಲ ವಾರಗಳಲ್ಲಿ ಎರಡು–ಮೂರು ಚಮಚ ಸಾಕು. ಒಂಬತ್ತು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ದಿನಕ್ಕೆ ಮೂರು–ನಾಲ್ಕು ಸಲ. ವರ್ಷದ ನಂತರ ಮುಕ್ಕಾಲರಿಂದ ಒಂದು ಬಟ್ಟಲು. ಎದೆಹಾಲನ್ನು ಎರಡು ವರ್ಷದವರೆಗೂ ಬಿಡಿಸಬೇಡಿ. ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ. ವರ್ಷ ದಾಟಿದ ಮಗು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿಯುತ್ತಿದ್ದರೆ ಊಟ ಸೇರುವುದಿಲ್ಲ, ರಕ್ತವೂ ಕಡಿಮೆಯಾಗುತ್ತದೆ.

ಹಂತ 5: ಉಣಿಸುವ ರೀತಿ

ಮೊಬೈಲ್ ತೋರಿಸಿ, ಮೂಗು ಹಿಡಿದು ತುರುಕಬೇಡಿ. ಮನೆಯವರು ಉಣ್ಣುವಾಗ ಜೊತೆಗೆ ಕೂರಿಸಿ, ಮಗುವಿಗೆಂದೇ ಬೇರೆ ಬಟ್ಟಲಿಡಿ. ಆಗ ಎಷ್ಟು ಹೊಟ್ಟೆ ಸೇರಿತು ಎಂಬುದು ನಿಮಗೂ ಗೊತ್ತಾಗುತ್ತದೆ. ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಹಂತ 6: ಕಾಯಿಲೆಯ ಲೆಕ್ಕ ಇಡಿ

ಪದೇ ಪದೇ ಭೇದಿ, ಜ್ವರ ಬರುವ ಮಗು ತಿಂದದ್ದನ್ನೆಲ್ಲ ಕಳೆದುಕೊಳ್ಳುತ್ತದೆ. ಭೇದಿಯಾದಾಗ ಓಆರ್‌ಎಸ್ ಜೊತೆಗೆ 14 ದಿನ ಜಿಂಕ್ ಕೊಡುತ್ತಾರೆ, ಭೇದಿ ನಿಂತಿತೆಂದು ನಡುವೆ ಬಿಡಬೇಡಿ. ಊಟವನ್ನೂ ನಿಲ್ಲಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ.

ಹಂತ 7: ಕಾಯದೆ ಆಸ್ಪತ್ರೆಗೆ ಹೊರಡಬೇಕಾದಾಗ

ತೂಕ ಇಳಿದರೆ, ಎರಡು ತಿಂಗಳು ಏರದೇ ಹೋದರೆ, ಹಾಲು ಕುಡಿಯುವಾಗ ಮಗು ಬೆವರಿ ಏದುಸಿರು ಬಿಟ್ಟರೆ, ಎರಡು ವಾರ ಕೆಮ್ಮು ಅಥವಾ ಜ್ವರ ಬಿಡದಿದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ವೈದ್ಯರನ್ನು ಕಾಣಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಮೇಲ್ತೋಳಿನ ಸುತ್ತಳತೆಯನ್ನು ಅಂಗನವಾಡಿಯಲ್ಲಿ ಪಟ್ಟಿ ಸುತ್ತಿ ನೋಡುತ್ತಾರೆ. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳು ಊದಿ ಬೆರಳೊತ್ತಿದರೆ ಗುಳಿ ಬಿದ್ದರೆ, ಅದು ತೀವ್ರ ಅಪೌಷ್ಟಿಕತೆ, ಅಂದೇ ಹೊರಡಿ. ಇಂಥ ಮಕ್ಕಳಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಸಾಮಾನ್ಯವಾಗಿ ಎರಡು ವಾರ ತಾಯಿ ಮಗು ಇಬ್ಬರನ್ನೂ ಇರಿಸಿಕೊಳ್ಳುತ್ತಾರೆ. ತಾಯಿಯ ಕೂಲಿ ನಷ್ಟಕ್ಕೆ ಭತ್ಯೆಯೂ ಉಂಟು, ಸೇರುವಾಗಲೇ ಕೇಳಿ ಬರೆಸಿ. ಹೋಗುವಾಗ ತಾಯಿ ಕಾರ್ಡು ಇಟ್ಟುಕೊಳ್ಳಿ, ಜೊತೆಗೆ ಹಿಂದಿನ ಮೂರು ದಿನ ಮಗು ತಿಂದದ್ದು, ಕುಡಿದದ್ದು ಎಲ್ಲವನ್ನೂ ಹೊತ್ತಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.