ಫಿಟ್ಸ್ ಮಾತ್ರೆ ನಿಲ್ಲಿಸುವ ಮುನ್ನ

ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ, ಇನ್ನೂ ಮಾತ್ರೆ ಯಾಕೆ ಎಂದು ಎಷ್ಟೋ ಮನೆಗಳಲ್ಲಿ ಕೇಳುತ್ತಾರೆ. ಫಿಟ್ಸ್ ಬರದಂತೆ ತಡೆದಿರುವುದು ಆ ಮಾತ್ರೆಯೇ ಇರಬಹುದು.

ನರಕೋಶದೊಳಕ್ಕೆ ಸೋಡಿಯಂ ನುಗ್ಗಿದಾಗ ಮಿದುಳಿನಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸಂಕೇತ ಹೋದೊಡನೆ ಸೋಡಿಯಂ ಬರುವ ಬಾಗಿಲು ಕ್ಷಣಕಾಲ ಮುಚ್ಚಿಕೊಳ್ಳುತ್ತದೆ. 1938ರಿಂದ ಬಳಕೆಯಲ್ಲಿರುವ ಫಿಟ್ಸ್ ಮಾತ್ರೆ ಫೆನಿಟಾಯಿನ್, ಆಮೇಲೆ ಬಂದ ಕಾರ್ಬಮಜೆಪಿನ್ ಅದನ್ನು ಇನ್ನಷ್ಟು ಹೊತ್ತು ಮುಚ್ಚಿಡುತ್ತವೆ. ಹಾಗಾಗಿ ಫಿಟ್ಸ್ ಬಂದಾಗ ಎಡೆಬಿಡದೆ ಸಂಕೇತ ಹೊಮ್ಮಿಸುವ ಕೋಶಗಳಿಗೇ ಹೆಚ್ಚು ಕಡಿವಾಣ. ಮಾಮೂಲಾಗಿ ಕೆಲಸ ಮಾಡುವ ಕೋಶಗಳಿಗೆ ಅಷ್ಟಿಲ್ಲ. ಔಷಧದ ಈ ಗುಣ ನನಗೆ ಈಗಲೂ ಬೆರಗು.

ಆದರೆ ಪ್ರಮಾಣ ಮೀರಿದರೆ ನಡೆಯುವಾಗ ತೂರಾಟ, ಮಾತಿನಲ್ಲಿ ತೊದಲು, ಒಂದು ವಸ್ತು ಎರಡಾಗಿ ಕಾಣುವುದು ಶುರುವಾಗುತ್ತದೆ. ಫೆನಿಟಾಯಿನ್ ಡೋಸ್ ಚೂರು ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ಒಮ್ಮೆಲೇ ಜಿಗಿಯಬಹುದು, ನೀವಾಗಿಯೇ ಏರಿಸಬೇಡಿ. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಜ್ವರದ ಜೊತೆ ಮೈಮೇಲೆ ದದ್ದು, ಗುಳ್ಳೆ ಎದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ.

ಬಿಡುವ ಕಾಲ ಬಂದಾಗ ವೈದ್ಯರೇ ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ತಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ದಯವಿಟ್ಟು ಅವರನ್ನು ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ.