ಹೇಮಕುಂಡಕ್ಕೆ ಹೊರಡಿ, ಹರಕೆ ಮಾತ್ರ ಹೊರಬೇಡಿ

ಪ್ರಶ್ನೆ: ನಾನು ಮೈಲಾರದವಳು, ವಯಸ್ಸು 51. ನಮ್ಮದು ಒಕ್ಕಲುತನದ ಮನೆ. ಪ್ರತಿ ವರ್ಷ ಊರಿನ ಗುಂಪಿನೊಂದಿಗೆ ಕೊಟ್ಟೂರು ತೇರಿಗೆ ನಡೆದೇ ಹೋಗುತ್ತೇನೆ. ಒಮ್ಮೆಯೂ ಅರ್ಧ ದಾರಿಯಲ್ಲಿ ಬಸ್ಸು ಹತ್ತಿದವಳಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನಿಗೆ ಚಾರಣದ ಹುಚ್ಚು. ಮೊನ್ನೆ ಊರಿಗೆ ಬಂದಾಗ ಹಿಮಾಲಯದ ಹೇಮಕುಂಡ ಸರೋವರದ ಫೋಟೊ ತೋರಿಸಿ, “ಸೆಪ್ಟೆಂಬರ್‌ನಾಗ ಹೋಗೋಣ ಬಾ ಯವ್ವ, ಒಂದಿನದ ನಡಿಗಿ, ನಿನಗೇನ್ ದೊಡ್ಡದಲ್ಲ” ಅಂದ. ಅವತ್ತಿನಿಂದ ಕಣ್ಣು ಮುಚ್ಚಿದರೆ ಅದೇ ನೀರು ಕಾಣುತ್ತದೆ. ಆದರೆ ನಮ್ಮ ಯಜಮಾನರು, “ಬೆಂಗಳೂರಿನ ಮಂದಿ ಹಿಂಗ ಕೆರಿ ನೋಡಾಕ ಹೋಗಿ ಹಿಮದಾಗ ಸತ್ತಿದ್ದು ಮರ್ತಿಯೇನು? ಮೈಲಾರಲಿಂಗ ಇಲ್ಲೇ ಅದಾನ” ಅನ್ನುತ್ತಾರೆ. ಎರಡು ವರ್ಷದಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದೇನೆ. ಸಾಯುವ ಹೆದರಿಕೆ ನನಗಿಲ್ಲ. ದಾರಿಯಲ್ಲಿ ಕೂತುಬಿಟ್ಟು ಮಗನಿಗೆ ಭಾರವಾದರೆ ಎಂಬ ಹೆದರಿಕೆ ಇದೆ. ಹೋಗಲೋ, ಬಿಡಲೋ?
– ಒಬ್ಬ ತಾಯಿ, ಮೈಲಾರ

ಉತ್ತರ: ಅಕ್ಕಾ, ಹೋಗಿ. ವೈದ್ಯರು ಒಪ್ಪಬೇಕು, ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ತಯಾರಿಗೆ ಕೊಡಬೇಕು, ಮಗನೊಂದಿಗೆ ಒಂದು ಮಾತನ್ನು ಈಗಲೇ ಗಟ್ಟಿ ಮಾಡಿಕೊಳ್ಳಬೇಕು. ಆ ಮಾತು ಯಾವುದೆಂದು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಯಜಮಾನರ ಭಯಕ್ಕೆ ಉತ್ತರ ಕೊಡಬೇಕು. ಅದು ಸುಮ್ಮನೆ ಹುಟ್ಟಿದ ಭಯವಲ್ಲ.

ಅವರ ಮನಸ್ಸಿನಲ್ಲಿರುವುದು 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಕಡೆಯ ಸಹಸ್ರ ತಾಲ್ ಸರೋವರದ ದಾರಿಯಲ್ಲಿ ನಡೆದದ್ದು. ಕರ್ನಾಟಕದಿಂದ ಹೋಗಿದ್ದ ತಂಡ ನಾಲ್ಕು ಸಾವಿರ ಮೀಟರಿಗೂ ಮೇಲಿನ ಬಟ್ಟಬಯಲಿನಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು, ಹದಿಮೂರು ಜನ ಉಳಿದು ಬಂದರು. ಹೋದವರು ಅರಿಯದೆ ಹೊರಟವರಲ್ಲ. ವರ್ಷಗಟ್ಟಲೆ ಬೆಟ್ಟ ಹತ್ತಿದ ಹಿರಿಯರು ಅವರಲ್ಲಿದ್ದರು. ಹೇಮಕುಂಡದ ದಾರಿ ಅಂಥ ನಿರ್ಜನ ದಾರಿಯಲ್ಲ, ನಿಜ. ಅದು ಯಾತ್ರೆಯ ಹಾದಿ. ಕಲ್ಲು ಹಾಸಿದ್ದಾರೆ, ನಡುನಡುವೆ ಚಹಾದಂಗಡಿಗಳಿವೆ, ಮೇಲೆ ಸಿಖ್ಖರ ಗುರುದ್ವಾರವಿದೆ, ಪಕ್ಕದಲ್ಲೇ ಲಕ್ಷ್ಮಣನ ಗುಡಿಯಿದೆ. ಆದರೆ ಎತ್ತರವೂ ಹವೆಯೂ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಲ್ಲಿ ಮನುಷ್ಯನನ್ನು ಕೆಡವುವುದು ದಾರಿಯ ದೂರವಲ್ಲ, ಚಳಿ, ತೇವ ಮತ್ತು ತೆಳುಗಾಳಿ. ಈ ಮೂರೂ ನಮ್ಮ ಸೀಮೆಯ ಮೈಗೆ ಗೊತ್ತಿಲ್ಲದವು.

ಎತ್ತರದ ಲೆಕ್ಕ ನೋಡಿ. ಮೈಲಾರದ ಹೊಳೆದಂಡೆ ಸಮುದ್ರಮಟ್ಟದಿಂದ ಐದುನೂರು ಮೀಟರಿನ ಆಸುಪಾಸಿನಲ್ಲಿದೆ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ದಕ್ಷಿಣ ಭಾರತದಲ್ಲೇ ಎತ್ತರದ ಆನೈಮುಡಿ 2,695 ಮೀಟರ್. ಹೇಮಕುಂಡಕ್ಕೆ ಹೊರಡುವ ಮುನ್ನ ನೀವು ಮಲಗುವ ಘಾಂಗರಿಯಾ ಎಂಬ ಹಳ್ಳಿಯೇ ಮೂರು ಸಾವಿರ ಮೀಟರಿನ ಮೇಲಿದೆ. ಅಲ್ಲಿಂದ ಸರೋವರಕ್ಕೆ ಆರು ಕಿಲೋಮೀಟರ್. ಆ ಆರರಲ್ಲಿ ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ಏರಬೇಕು. ಮೇಲೆ ನೀವು ಎಳೆದುಕೊಳ್ಳುವ ಒಂದು ಉಸಿರಿನಲ್ಲಿ ಮೈಲಾರದ ಉಸಿರಿನಲ್ಲಿರುವ ಆಮ್ಲಜನಕದ ಮೂರರಲ್ಲಿ ಎರಡು ಪಾಲೂ ಇರುವುದಿಲ್ಲ. ಮಗ ಹೇಳಿದ “ಒಂದಿನದ ನಡಿಗಿ” ಸುಳ್ಳಲ್ಲ. ಘಾಂಗರಿಯಾದಿಂದ ಹೋಗಿ ಬರಲು ಹನ್ನೆರಡೇ ಕಿಲೋಮೀಟರ್. ಆದರೆ ಕೊಟ್ಟೂರಿನ ದಾರಿಯಲ್ಲಿ ಹನ್ನೆರಡು ಕಿಲೋಮೀಟರ್ ನಿಮಗೆ ಬೆಳಗಿನ ತಿಂಡಿಯ ಮುಂಚಿನ ಕೆಲಸವಾದರೆ, ಅಲ್ಲಿ ಇಡೀ ಹಗಲು ಬೇಕು. ಹತ್ತಲು ಐದಾರು ಗಂಟೆ, ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ.

ಆದ್ದರಿಂದ ತಯಾರಿ ಬಯಲಿನಲ್ಲಿ ಆಗುವುದಿಲ್ಲ, ಮೆಟ್ಟಿಲ ಮೇಲೆ ಆಗಬೇಕು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಟ್ಟದ ಮೇಲಿನ ದೇವಿಯ ಗುಡಿಗೆ ಬರುವ ಹುಣ್ಣಿಮೆ, ಮಂಗಳವಾರ, ಶುಕ್ರವಾರದ ಜನಸಂದಣಿ ತಪ್ಪಿಸಿ ವಾರಕ್ಕೊಮ್ಮೆ ಬೆಳಗ್ಗೆ ಬೇಗ ಹೋಗಿ. ಮೊದಲ ತಿಂಗಳು ಬರಿಗೈಯಲ್ಲಿ ಹತ್ತಿ ಇಳಿಯಿರಿ. ಎರಡನೆಯ ತಿಂಗಳಿನಿಂದ ಬೆನ್ನಚೀಲದಲ್ಲಿ ನೀರಿನ ಬಾಟಲಿಗಳನ್ನಿಟ್ಟು ಐದು ಕೇಜಿ ಭಾರ ಹೊತ್ತು ಹತ್ತಿ. ಆಮೇಲೆ ಅದೇ ಬೆಟ್ಟವನ್ನು ಒಂದೇ ಬೆಳಗಿನಲ್ಲಿ ಎರಡು ಸಲ, ಮೂರು ಸಲ. ಇಳಿಯುವಾಗ ಅವಸರ ಬೇಡ. ಮಂಡಿ ಕೆಡುವುದು ಹತ್ತುವಾಗಲ್ಲ, ಇಳಿಯುವಾಗ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ. ಮಾತು ತುಂಡಾದರೆ ನಿಧಾನಿಸಿ. ಹಿಮಾಲಯದಲ್ಲೂ ಇದೇ ಅಳತೆ. ಉಳಿದ ದಿನ ಹೊಲದ ಕೆಲಸ ಇದ್ದೇ ಇದೆ, ಬೇರೆ ವ್ಯಾಯಾಮ ಬೇಕಿಲ್ಲ. ಕೂಡ್ಲಿಗಿ ಕಡೆ ಗುಡೇಕೋಟೆಯ ಗುಡ್ಡಗಳೂ ಚೆನ್ನ ಎಂದು ಯಾರಾದರೂ ಹೇಳಿಯಾರು. ಅದು ಕರಡಿಧಾಮ. ನಸುಕಿನಲ್ಲಿ, ಸಂಜೆಯಲ್ಲಿ ಆ ಕಡೆ ಹೋಗಲೇಬೇಡಿ.

ಇನ್ನು ನಿಮ್ಮ ಬಿಪಿ. ಮಾತ್ರೆ ತಗೊಳ್ಳುವವರು ಎತ್ತರಕ್ಕೆ ಹೋಗಲೇಬಾರದು ಎಂದೇನಿಲ್ಲ, ಬಿಪಿ ಹತೋಟಿಯಲ್ಲಿರಬೇಕು. ಹೊಸಪೇಟೆಗೋ ದಾವಣಗೆರೆಗೋ ಹೋಗಿ ಹೃದಯದ ವೈದ್ಯರನ್ನು ಕಾಣಿ. “ನಾಲ್ಕು ಸಾವಿರ ಮೀಟರಿಗೆ ಹೋಗುತ್ತಿದ್ದೇನೆ” ಎಂದು ಸ್ಪಷ್ಟವಾಗಿ ಹೇಳಿ. “ದೇವಸ್ಥಾನಕ್ಕೆ ಹೋಗ್ತೀನ್ರೀ” ಎಂದರೆ ಅವರಿಗೆ ವಿಷಯವೇ ತಿಳಿಯುವುದಿಲ್ಲ. ಇಸಿಜಿ, ಸಕ್ಕರೆ, ರಕ್ತದಲ್ಲಿನ ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಬಹಳ, ಅದು ಊರಿನಲ್ಲಿ ಗೊತ್ತೇ ಆಗುವುದಿಲ್ಲ. ಇರುವ ಸ್ವಲ್ಪ ಆಮ್ಲಜನಕವನ್ನು ಹೊರಬೇಕಾದದ್ದು ಅದೇ ರಕ್ತವಾದ್ದರಿಂದ ಮೇಲೆ ಹೋದಾಗ ಗೊತ್ತಾಗುತ್ತದೆ. ಕೆಲವು ಬಿಪಿ ಮಾತ್ರೆಗಳು ಎದೆಬಡಿತ ಏರದಂತೆ ತಡೆಯುತ್ತವೆ, ಕೆಲವು ಮೈಯ ನೀರನ್ನು ಹೊರಹಾಕುತ್ತವೆ. ನಿಮ್ಮದು ಯಾವುದು, ಬದಲಿಸಬೇಕೇ ಎಂದು ಕೇಳಿ. ಎತ್ತರದ ತೊಂದರೆಗೆಂದು ಜನ ನುಂಗುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತಗೊಳ್ಳಿ, ಮಗನ ಗೆಳೆಯರ ಮಾತಿನ ಮೇಲಲ್ಲ. ಸಲ್ಫಾ ಔಷಧ ಆಗದವರು ಅದನ್ನು ಮೊದಲೇ ಹೇಳಬೇಕು.

ದಿನಗಳನ್ನು ಮಗ ಹೀಗೆ ಹೊಂದಿಸಲಿ. ಋಷಿಕೇಶದಿಂದ ಜೋಶಿಮಠಕ್ಕೆ ಒಂದು ಹಗಲಿನ ಪ್ರಯಾಣ, ಅಲ್ಲಿ ರಾತ್ರಿ ತಂಗಿ. ಮರುದಿನ ಗೋವಿಂದಘಾಟ್, ಅಲ್ಲಿಂದ ಜೀಪಿನಲ್ಲಿ ಪುಲ್ನಾ, ಆಮೇಲೆ ನಡೆದು ಘಾಂಗರಿಯಾ. ಅದರ ಮರುದಿನವೇ ಹೇಮಕುಂಡಕ್ಕೆ ಹೊರಡುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ಆ ದಿನ ಹತ್ತಿರದ ಹೂಕಣಿವೆಗೆ (ವ್ಯಾಲಿ ಆಫ್ ಫ್ಲವರ್ಸ್) ಹೋಗಿ ಸಂಜೆ ಘಾಂಗರಿಯಾಕ್ಕೇ ಮರಳಿ. ಮೈ ತೆಳುಗಾಳಿಗೆ ಹೊಂದಿಕೊಳ್ಳಲು ಒಂದು ರಾತ್ರಿ ಹೆಚ್ಚು ಸಿಗುತ್ತದೆ, ಕಣ್ಣಿಗೂ ಹಬ್ಬ. ಹೂವಿನ ಹಡಗಲಿಯ ಸೀಮೆಯವರು ಅದನ್ನು ಬಿಟ್ಟು ಬಂದರೆ ಹೇಗೆ? ಮಳೆಗಾಲದ ಕೊನೆಯಾದ್ದರಿಂದ ನೀವು ಹೋಗುವ ಬದರಿ ರಸ್ತೆಯಲ್ಲಿ ಗುಡ್ಡ ಕುಸಿಯುವುದುಂಟು. ಎರಡು ದಿನ ಕೈಯಲ್ಲಿ ಹೆಚ್ಚು ಇಟ್ಟುಕೊಂಡೇ ರೈಲಿನ ಟಿಕೆಟ್ ಮಾಡಿಸಲಿ. ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿಯನ್ನೂ ಮುಂಚೆಯೇ ಮಾಡಬೇಕು.

ಉಡುಪಿನ ವಿಷಯದಲ್ಲಿ ನಿಮ್ಮ ಅಭ್ಯಾಸಗಳೇ ನಿಮಗೆ ಅಡ್ಡ ಬರುತ್ತವೆ. ನಮ್ಮ ಬಿಸಿಲಿನಲ್ಲಿ ಒದ್ದೆ ಸೆರಗು ತಲೆಗೆ ಹಾಕಿಕೊಂಡರೆ ಜೀವಕ್ಕೆ ತಂಪು. ಅಲ್ಲಿ ಮೈಮೇಲಿನ ಒದ್ದೆ ಹತ್ತಿಬಟ್ಟೆ ಜೀವಕ್ಕೇ ಅಪಾಯ. ಬೆವರು ಬೇಗ ಆರುವ ಪ್ಯಾಂಟು, ಟೀ-ಶರ್ಟು, ಮೇಲೊಂದು ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಸೀರೆ ಬೇಡ. ಮೈಲಾರಲಿಂಗನ ಗೊರವಯ್ಯನ ಕಂಬಳಿಯಂಥ ಬೆಚ್ಚನೆಯದು ಇನ್ನೊಂದಿಲ್ಲ, ಆದರೆ ನೆನೆದರೆ ಹೊರಲಾರದಷ್ಟು ಭಾರ. ಅದು ಘಾಂಗರಿಯಾದ ಕೋಣೆಯಲ್ಲಿರಲಿ. ಒಂದು ಜೊತೆ ಒಣಬಟ್ಟೆ, ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆನ್ನಿಗಿರಲಿ. ಬರಿಗಾಲಿನಲ್ಲಿ ನಡೆಯುವ ಆಸೆ ಬಿಡಿ. ಬೂಟು ಈಗಲೇ ಕೊಂಡು ಉಚ್ಚಂಗಿದುರ್ಗದಲ್ಲೇ ಪಳಗಿಸಿ.

ಉಪವಾಸವೂ ಬೇಡ. ಜಾತ್ರೆಯಲ್ಲಿ ಕಾರಣಿಕದ ಭವಿಷ್ಯ ನುಡಿಯುವ ಗೊರವಯ್ಯ ಉಪವಾಸ ವ್ರತ ಹಿಡಿದು ಬಿಲ್ಲೇರುವುದನ್ನು ಚಿಕ್ಕಂದಿನಿಂದ ಕಂಡ ಊರು ನಿಮ್ಮದು. ದೇವರ ದಾರಿಯಲ್ಲಿ ಹೊಟ್ಟೆ ಖಾಲಿಯಿರಬೇಕು ಎಂಬುದು ನಿಮ್ಮ ಮನಸ್ಸಿನಲ್ಲಿ ಬೇರುಬಿಟ್ಟಿರಬಹುದು. ಎತ್ತರದಲ್ಲಿ ಹಸಿವೇ ಸಾಯುತ್ತದೆ, ತಿನ್ನಲು ಮನಸ್ಸಾಗುವುದಿಲ್ಲ. ಆದರೂ ಗಂಟೆಗೊಮ್ಮೆ ಏನಾದರೂ ತಿನ್ನಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಮನೆಯಿಂದಲೇ ಒಯ್ಯಿರಿ. ಮೇಲೆ ಗುರುದ್ವಾರದಲ್ಲಿ ಬಿಸಿ ಖಿಚಡಿ, ಚಹಾ ಕೊಡುತ್ತಾರೆ.

ಈಗ ಆ ಮಾತಿಗೆ ಬರುತ್ತೇನೆ. “ಒಮ್ಮೆಯೂ ಅರ್ಧ ದಾರಿಯಲ್ಲಿ ಬಸ್ಸು ಹತ್ತಿದವಳಲ್ಲ” ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಬಿಪಿ ಅಲ್ಲ, ಈ ಸಾಲು. ತೇರಿನ ದಾರಿಯಲ್ಲಿ ಈ ಛಲ ನಿಮ್ಮನ್ನು ನಡೆಸಿದೆ. ಕಾಲು ಬೊಬ್ಬೆ ಎದ್ದರೂ ಹಲ್ಲು ಕಚ್ಚಿ ನಡೆದಿರಿ, ಬೊಬ್ಬೆ ವಾರದಲ್ಲಿ ಮಾಯಿತು. ಎತ್ತರದ ಕಾಯಿಲೆ ಹಾಗಲ್ಲ. ತಲೆನೋವು, ವಾಕರಿಕೆ, ತಲೆ ಸುತ್ತು ಬಂದ ಮೇಲೂ ಹಲ್ಲು ಕಚ್ಚಿ ಹತ್ತಿದರೆ ಅದು ಮೆದುಳಿಗೋ ಶ್ವಾಸಕೋಶಕ್ಕೋ ಇಳಿಯಬಹುದು. ಕೂತಾಗಲೂ ಏದುಸಿರು, ನಡೆದರೆ ತೂರಾಟ, ಮಾತು ತೊದಲು ಬಂದರೆ ಆ ಕ್ಷಣವೇ ಇಳಿಯಬೇಕು. ಇಳಿಯುವುದೇ ಮೊದಲ ಔಷಧ. ತೀರಾ ಗಟ್ಟಿಗರೇ ಹೆಚ್ಚಾಗಿ ಇದಕ್ಕೆ ಸಿಕ್ಕಿಬೀಳುತ್ತಾರೆ, ನಿಲ್ಲುವುದು ಅವರಿಗೆ ಅವಮಾನ ಎನಿಸುವುದರಿಂದ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಹೇಮಕುಂಡ ಮುಟ್ಟಿಯೇ ಬರುತ್ತೇನೆ ಎಂದು ಹರಕೆ ಹೊರಬೇಡಿ. ಮನಸ್ಸಿನಲ್ಲೂ ಬೇಡ. ಮಗನೊಂದಿಗೆ ಕೂತು ಹೀಗೆ ಒಪ್ಪಂದ ಮಾಡಿಕೊಳ್ಳಿ: ಬೆಳಗಿನ ಐದಕ್ಕೆ ಹೊರಡುವುದು. ಹನ್ನೆರಡು ಗಂಟೆಗೆ ಎಲ್ಲಿದ್ದರೂ, ಸರೋವರ ಒಂದೇ ತಿರುವಿನಾಚೆ ಇದ್ದರೂ, ಹಿಂದಿರುಗುವುದು. ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ, ಮಧ್ಯಾಹ್ನ ಕಳೆದರೆ ಅಲ್ಲಿನವರೇ ಎಲ್ಲರನ್ನೂ ಕೆಳಗೆ ಕಳಿಸುತ್ತಾರೆ. ಇಬ್ಬರಲ್ಲಿ ಯಾರೊಬ್ಬರು “ಸಾಕು” ಎಂದರೂ ಇಬ್ಬರೂ ತಿರುಗುವುದು, ಯಾಕೆ ಎಂದು ಕೇಳುವಂತಿಲ್ಲ. ನಿಮ್ಮನ್ನು ಅಂಗಡಿಯಲ್ಲಿ ಕೂರಿಸಿ ಅವನೊಬ್ಬನೇ ಮೇಲೆ ಹೋಗಿಬರುವುದೂ ಇಲ್ಲ. ಕೆಳಗಿಳಿಯಲು ಕುದುರೆಗೆ ಬೇಕಾಗುವ ಹಣ ನಿಮ್ಮ ಕೈಯಲ್ಲೇ ಇರಲಿ, ಮಗನನ್ನು ಕೇಳುವ ಸಂಕೋಚ ಬೇಡ. ಮೈ ಸರಿಯಿಲ್ಲದಾಗ ಕುದುರೆ ಹತ್ತಿ ಮೇಲಕ್ಕೆ ಮಾತ್ರ ಹೋಗಬೇಡಿ.

ಭಾರವಾಗುವ ಹೆದರಿಕೆ ಹೇಳಿದಿರಿ. ಅದನ್ನು ನನಗೆ ಬರೆದಿರಿ, ಮಗನಿಗೆ ಹೇಳಿದ ಹಾಗೆ ಕಾಣುವುದಿಲ್ಲ. ಹೇಳಿ. “ನಾನು ಅರ್ಧಕ್ಕೆ ತಿರುಗಿದರೆ ನಿನಗೆ ಬೇಜಾರಾಗುತ್ತದೇನಪ್ಪ?” ಎಂದು ನೇರವಾಗಿ ಕೇಳಿ. ತಾಯಿಯನ್ನು ಜೊತೆಗೆ ಕರೆಯುವ ಮಗ ಸರೋವರಕ್ಕಾಗಿ ಮಾತ್ರ ಕರೆದಿರಲಾರ. ಮರೆಮಾಚಿದ ತಲೆನೋವು ಅವನಿಗೆ ಭಾರ, ಹೇಳಿದ ತಲೆನೋವು ಅಲ್ಲ. ಯಜಮಾನರನ್ನೂ ಹೊರಗಿಡಬೇಡಿ. ಉಚ್ಚಂಗಿದುರ್ಗಕ್ಕೆ ಅವರನ್ನೇ ಕರೆದೊಯ್ಯಿರಿ, ಈ ಒಪ್ಪಂದವನ್ನು ಅವರೆದುರೇ ಮಾಡಿ. ಎಲ್ಲಿಂದ ತಿರುಗಬೇಕೆಂದು ಗೊತ್ತಿರುವವಳನ್ನು ಕಳಿಸಲು ಅವರಿಗೆ ಅಷ್ಟು ಕಷ್ಟವಾಗಲಾರದು.

ವೈದ್ಯರು ಬೇಡವೆಂದರೆ ಅದೇ ಉತ್ತರಾಖಂಡದಲ್ಲಿ ದೇವರಿಯಾ ತಾಲ್ ಎಂಬ ಇನ್ನೊಂದು ಸರೋವರವಿದೆ. ಎತ್ತರ ಸುಮಾರು 2,400 ಮೀಟರ್, ಸಾರಿ ಎಂಬ ಹಳ್ಳಿಯಿಂದ ಮೂರು ಕಿಲೋಮೀಟರಿನೊಳಗಿನ ಏರು. ಆಕಾಶ ತಿಳಿಯಾಗಿದ್ದರೆ ಬೆಳಗ್ಗೆ ಚೌಖಂಬಾ ಶಿಖರಗಳು ಅದರ ನೀರಿನಲ್ಲಿ ಕಾಣುತ್ತವೆ. ಅಲ್ಲಿಗೂ ವೈದ್ಯರನ್ನು ಕೇಳಿಯೇ ಹೋಗಿ. ಅದನ್ನಾದರೆ ಯಜಮಾನರೂ ಜೊತೆಯಲ್ಲಿ ಹತ್ತಬಹುದು.